ಎರೆ ಹೊಲದ ಕರ್ಚಿಕಾಯಿ: ಗುರುತಿಸಿ, ಮನೆಯಲ್ಲೇ ಬೆಳೆಸಿ

ಜೂನ್‌ನಲ್ಲಿ ಮಿರಗದ (ಮೃಗಶಿರಾ) ಮಳೆ ಬಿದ್ದು ಕೆಲವು ದಿನವಾದರೆ ಸಾಕು, ಜೇವರ್ಗಿ ಕಡೆಯ ಎರೆ ಹೊಲಗಳ ಬದುವಿನಲ್ಲಿ ಒಂದು ಸಣ್ಣ ಬಳ್ಳಿ ತಲೆ ಎತ್ತುತ್ತದೆ. ಯಾರೂ ಬಿತ್ತಿರುವುದಿಲ್ಲ, ಯಾರೂ ನೀರು ಹಾಕಿರುವುದಿಲ್ಲ. ಅದೇ ಕರ್ಚಿಕಾಯಿ ಬಳ್ಳಿ. ಹಬ್ಬಕ್ಕೆ ಕರಿಯುವ ಸಿಹಿ ಕರ್ಚಿಕಾಯಿ ಬೇರೆ. ಇದು ಹಾಗಲಕಾಯಿಯ ಹತ್ತಿರದ ಬಳಗದ್ದು. ಸಸ್ಯಶಾಸ್ತ್ರದಲ್ಲಿ ಮೊಮೊರ್ಡಿಕಾ ಸಿಂಬಲೇರಿಯಾ ಅಂತ ಹೆಸರು. ತೆಲುಗಿನವರಿಗೆ ಕಾಸರಕಾಯ.

ಮಳೆಗಾಲದಲ್ಲಿ ಹಳ್ಳಿಯ ಹೆಣ್ಣುಮಕ್ಕಳು ಇದನ್ನು ಬುಟ್ಟಿಯಲ್ಲಿ ತಂದು ಕಲಬುರಗಿಯ ಮಾರ್ಕೆಟ್‌ನಲ್ಲಿ ಗುಂಪೆ ಹಾಕಿ ಮಾರುತ್ತಾರೆ. ಆದರೆ ಕಳೆನಾಶಕ ಹೊಡೆದ ತೊಗರಿ ಹೊಲದಲ್ಲಿ ಈ ಬಳ್ಳಿ ಎಲ್ಲಿ ಉಳಿಯಬೇಕು? ಅದಕ್ಕೇ ನಾಲ್ಕು ಮನೆಯಲ್ಲಾದರೂ ಕುಂಡದಲ್ಲಿ ಇರಲಿ ಅಂತ ನನ್ನ ಆಸೆ.

ಮೊದಲು ಗುರುತು ಹಿಡಿಯಿರಿ

ಕಾಯಿಯನ್ನು ಅಂಗೈಯಲ್ಲಿಟ್ಟು ನೋಡಿ. ಉದ್ದ ಒಂದು ಇಂಚಿನ ಆಸುಪಾಸು. ತೊಟ್ಟಿನ ಕಡೆ ಸಣ್ಣಗೆ, ನಡುವೆ ಉಬ್ಬು. ಮೈಮೇಲೆ ಮೇಲಿಂದ ಕೆಳಗೆ ಎಂಟು ಏಣು. ಬೆರಳು ಆಡಿಸಿದರೆ ಒಂದೊಂದೂ ತಗಲುತ್ತದೆ. ತೊಟ್ಟು ತುಸು ಬಾಗಿರುತ್ತದೆ. ಹೂವು ಕೆನೆ ಬಣ್ಣದ್ದು, ಚಿಕ್ಕದು. ಎಲೆ ಅಗಲವಾಗಿ, ಅಂಚಿನಲ್ಲಿ ಮಾತ್ರ ಸ್ವಲ್ಪ ಸೀಳಿರುತ್ತದೆ.

ಇದೇ ಬಳಗದ ಮಾಡಹಾಗಲದ ಜೊತೆ ಗೊಂದಲ ಬೇಡ. ಅದರ ಕಾಯಿಗೆ ಏಣಿಲ್ಲ, ಮೈತುಂಬ ಮೆತ್ತನೆಯ ಮುಳ್ಳು. ಇನ್ನೊಂದು ವ್ಯತ್ಯಾಸ ಬೆಳೆಸುವವರಿಗೆ ಬೇಕೇಬೇಕು. ಮಾಡಹಾಗಲದಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಎರಡೂ ಇದ್ದರೇ ಕಾಯಿ. ಕರ್ಚಿಕಾಯಿಯಲ್ಲಿ ಎರಡೂ ಹೂವು ಒಂದೇ ಬಳ್ಳಿಯಲ್ಲಿ. ಹಾಗಾಗಿ ಒಂದು ಗೆಡ್ಡೆ ಇದ್ದರೂ ಸಾಕು.

ಜಾಸ್ತಿ ಎಚ್ಚರ ಬೇಕಾಗಿದ್ದು ಲಿಂಗತೊಂಡೆ ವಿಷಯದಲ್ಲಿ. ಅದೂ ಬೇಲಿ ಮೇಲೇ ಹಬ್ಬುತ್ತದೆ. ಕಾಯಿ ದುಂಡಗೆ, ನುಣ್ಣಗೆ, ಬಿಳಿ ಪಟ್ಟೆ ಇರುತ್ತದೆ, ಹಣ್ಣಾದರೆ ಕೆಂಪು. ಬೀಜ ಶಿವಲಿಂಗದ ಆಕಾರದ್ದು, ಹೆಸರು ಬಂದದ್ದೂ ಅದರಿಂದಲೇ. ಅದರ ಎಲೆ ಅಂಗೈ ಬಿಡಿಸಿದಂತೆ ಆಳವಾಗಿ ಸೀಳಿರುತ್ತದೆ. ಹಬ್ಬುವ ಕುಡಿಬಳ್ಳಿ ತುದಿಯಲ್ಲಿ ಎರಡಾಗಿ ಕವಲೊಡೆದಿರುತ್ತದೆ, ಕರ್ಚಿಕಾಯಿಯದು ಒಂಟಿ ಎಳೆ. ಲಿಂಗತೊಂಡೆ ಅಡುಗೆಗೆ ಅಲ್ಲ. ಅನುಮಾನ ಬಂದರೆ ಕೀಳಲೇಬೇಡಿ.

ಗೆಡ್ಡೆಯಿಂದಲೇ ಶುರು ಮಾಡಿ

ಮೊದಲ ವರ್ಷ ನಾನು ಬೀಜ ಹಾಕಿದೆ. ಇಪ್ಪತ್ತು ಬೀಜದಲ್ಲಿ ಒಂದೂ ಏಳಲಿಲ್ಲ. ಈ ಬೀಜ ಸುಲಭಕ್ಕೆ ಮೊಳೆಯುವುದಿಲ್ಲ. ಹೊಲದಲ್ಲಿ ಬಳ್ಳಿ ವರ್ಷವರ್ಷ ಬರುವುದು ನೆಲದೊಳಗಿನ ಗೆಡ್ಡೆಯಿಂದ. ಮಳೆಗಾಲದಲ್ಲೇ ಬಳ್ಳಿ ಇದ್ದ ಜಾಗಕ್ಕೆ ಒಂದು ಕಲ್ಲು ಗುರುತಿಟ್ಟುಕೊಳ್ಳಿ. ಬೇಸಿಗೆಯಲ್ಲಿ ಹೊಲದವರನ್ನು ಕೇಳಿ, ಸುತ್ತಲೂ ನಿಧಾನವಾಗಿ ಅಗೆಯಿರಿ. ಒಂದು ಗೆಡ್ಡೆ ಸಾಕು, ಉಳಿದದ್ದು ಅಲ್ಲೇ ಇರಲಿ. ಒಂದು ಮಾತು: ಗೆಡ್ಡೆಯನ್ನು ತಿನ್ನಬಾರದು. ನಾಟಿ ಔಷಧಿಯಲ್ಲಿ ಇದನ್ನು ಗರ್ಭ ಇಳಿಸಲು ಬಳಸುತ್ತಿದ್ದರು. ಬಸುರಿಯರು ಈ ಗೆಡ್ಡೆಯ ಹತ್ತಿರವೂ ಹೋಗಬಾರದು.

ಅಗಲದ ಕುಂಡ ತಗೊಳ್ಳಿ, ತಳದಲ್ಲಿ ತೂತು ಇರಲಿ. ಎರೆ ಮಣ್ಣಿಗೆ ಮರಳು, ಹಳೆಯ ತಿಪ್ಪೆಗೊಬ್ಬರ ಸೇರಿಸಿ. ಬರೀ ಎರೆ ಮಣ್ಣಾದರೆ ಕುಂಡದಲ್ಲಿ ನೀರು ನಿಂತು ಗೆಡ್ಡೆ ಕೊಳೆಯುತ್ತದೆ. ಮೇ ಕೊನೆಗೆ ಎರಡು ಮೂರು ಇಂಚು ಆಳಕ್ಕೆ ಹೂತು, ಮಳೆಗೆ ಬಿಟ್ಟುಬಿಡಿ. ಹಬ್ಬಲು ನಾಲ್ಕು ತೊಗರಿ ಕಟ್ಟಿಗೆ ಚುಚ್ಚಿದರೆ ಆಯ್ತು. ನಮ್ಮಲ್ಲಿ ಅದಕ್ಕೇನು ಕೊರತೆ, ಅಲ್ವಾ? ಬಿಸಿಲು ಪೂರ್ತಿ ಬೀಳುವ ಜಾಗ ಇರಲಿ. ಕೆಂಪು ದುಂಬಿ ಎಲೆ ತಿಂದರೆ ಬೆಳಗಿನ ತಂಪಿನಲ್ಲಿ ಕೈಯಿಂದಲೇ ಹಿಡಿಯಿರಿ. ಆ ಹೊತ್ತಿಗೆ ಅವು ಮಂದವಾಗಿರುತ್ತವೆ.

ಕೀಳುವ ಹದ

ಕಾಯಿ ಎಳಸಾಗಿರುವಾಗಲೇ ಕೀಳಬೇಕು. ಬಲಿತರೆ ಬೀಜ ಹಲ್ಲಿಗೆ ಸಿಗುತ್ತದೆ. ಕಿತ್ತ ದಿನವೇ ಅಡುಗೆ ಮಾಡಿ, ಇಟ್ಟರೆ ಹಳದಿಯಾಗಿ ಬಾಯಿ ಬಿಡುತ್ತದೆ. ತೊಟ್ಟು, ತುದಿ ಚಿವುಟಿ ಇಡಿಯಾಗಿ ಎಣ್ಣೆಯಲ್ಲಿ ಬಾಡಿಸಿ, ಹುಣಸೆಹುಳಿ, ಬೆಲ್ಲ, ಖಾರ, ಶೇಂಗಾ ಪುಡಿ ಹಾಕಿ. ಬಿಸಿ ಜೋಳದ ರೊಟ್ಟಿ ಜೊತೆ ಆ ಕಹಿ ಬಹಳ ರುಚಿ.

ಚಳಿಗಾಲಕ್ಕೆ ಬಳ್ಳಿ ಒಣಗುತ್ತದೆ. ಸತ್ತಿತು ಅಂತ ಹೆದರಿ ನೀರು ಸುರಿಯಬೇಡಿ. ಎರಡನೇ ವರ್ಷ ನಾನು ಹಾಗೆ ಮಾಡಿಯೇ ಗೆಡ್ಡೆ ಕಳೆದುಕೊಂಡೆ. ಒಣ ಬಳ್ಳಿ ಕತ್ತರಿಸಿ, ಕುಂಡವನ್ನು ಸೂರಿನ ಕೆಳಗೆ ಸರಿಸಿಡಿ. ಸುಮ್ನೆ ಖಾಲಿ ಮಣ್ಣು ಅಂತ ಯಾರಾದರೂ ಚೆಲ್ಲಿಬಿಡುತ್ತಾರೆ, ಅದಕ್ಕೆ ಮೇಲೊಂದು ಹೆಸರು ಬರೆದಿಡಿ. ಬೇಸಿಗೆ ಪೂರ್ತಿ ಅದು ಹಾಗೇ ಮಲಗಿರಲಿ. ಮಿರಗ ಬಂದ ದಿನ ಹೊರಗಿಟ್ಟರೆ ಸಾಕು.