ಹಳೇ 350 ಬ್ಲಾಕ್ ಕೊಳ್ಳುವ ಮುಂಚೆ ಟಾರ್ಚ್ ಬಿಟ್ಟು ನೋಡಿ

ನಾನು ಕೊಂಡ ಮೊದಲ ಎಂಜಿನ್ ಬ್ಲಾಕ್ (ಸಿಲಿಂಡರ್ ಇರುವ ಕಬ್ಬಿಣದ ಎರಕ) ಈಗ ಗ್ಯಾರೇಜಿನಲ್ಲಿ ಸ್ಟೂಲ್ ಆಗಿದೆ. ಮೇಲೊಂದು ಹಲಗೆ ಹಾಕಿದ್ದೇನೆ. ಬಂದವರು ಅದರ ಮೇಲೆ ಕೂತೇ ಕಾಫಿ ಕುಡಿಯುತ್ತಾರೆ. 300 ಡಾಲರಿನ ಸ್ಟೂಲು!

ನಾನಿರುವುದು ಮಿಶಿಗನ್‌ನಲ್ಲಿ, ಡೆಟ್ರಾಯಿಟ್ ಹತ್ತಿರ. ಆಗಸ್ಟ್‌ನ ಮೂರನೇ ಶನಿವಾರ ವುಡ್‌ವರ್ಡ್ ರಸ್ತೆಯಲ್ಲಿ ಹಳೇ ಕಾರುಗಳ ಜಾತ್ರೆ ಇರುತ್ತದೆ. 1995ರಲ್ಲಿ ಶುರುವಾದ ಡ್ರೀಮ್ ಕ್ರೂಸ್ ಅದು. ಎರಡು ವರ್ಷ ಕುರ್ಚಿ ಹಾಕಿಕೊಂಡು ನೋಡಿದೆ. ಮೂರನೇ ವರ್ಷ ತಡೆಯಲಾಗದೆ 1977ರ ಶೆವ್ರೊಲೆ ನೋವಾ ಒಂದನ್ನು ಮನೆಗೆ ತಂದೆ. ಅದರಲ್ಲಿದ್ದದ್ದು ಸುಸ್ತಾದ 305 ಘನ ಇಂಚಿನ ಎಂಜಿನ್. ಅದರ ಬೋರ್, ಅಂದರೆ ಸಿಲಿಂಡರಿನ ಅಗಲ, ಬರೀ 3.736 ಇಂಚು. ದೊಡ್ಡ ವಾಲ್ವ್ ಹಾಕಿದರೆ ಸಿಲಿಂಡರ್ ಗೋಡೆ ಪಕ್ಕದಲ್ಲೇ ಅಡ್ಡ ಬರುತ್ತದೆ, ಗಾಳಿ ಸರಿಯಾಗಿ ಒಳಗೆ ಹೋಗುವುದಿಲ್ಲ. ಪವರ್ ಬೇಕೆಂದು ಕಾರು ಕಟ್ಟುವವರು 305ಕ್ಕೆ ದುಡ್ಡು ಸುರಿಯಬೇಡಿ.

ಮೊದಲ ಸಲ ಕಟ್ಟುವವರಿಗೆ ನನ್ನ ಸಲಹೆ ಒಂದೇ: ಶೆವ್ರೊಲೆಯದೇ 350 ಘನ ಇಂಚಿನ ಎಂಜಿನ್. ಬೋರ್ 4 ಇಂಚು, ಸ್ಟ್ರೋಕ್ (ಪಿಸ್ಟನ್ ಏರಿಳಿಯುವ ದೂರ) 3.48 ಇಂಚು. 1967ರಲ್ಲಿ ಕಮಾರೊ ಜೊತೆ ಬಂತು, ಆಮೇಲೆ ಕಾರು, ಪಿಕಪ್, ವ್ಯಾನು ಎಲ್ಲದಕ್ಕೂ ಹಾಕಿದರು. ಹಾಗಾಗಿ ಬಿಡಿಭಾಗ ಎಲ್ಲಿ ಬೇಕಾದರೂ ಸಿಗುತ್ತದೆ. 400 ಬ್ಲಾಕ್ ಇನ್ನೂ ದೊಡ್ಡದು, ನಿಜ. ಆದರೆ ಅದರಲ್ಲಿ ಅಕ್ಕಪಕ್ಕದ ಸಿಲಿಂಡರ್‌ಗಳು ಅಂಟಿಕೊಂಡಿವೆ, ನಡುವೆ ನೀರು ಹರಿಯುವುದಿಲ್ಲ. ಹೆಡ್‌ನಲ್ಲಿ ಆವಿ ಹೋಗಲು ಬೇರೆ ತೂತು ಕೊರೆಯಬೇಕು. ಅದು ಎರಡನೇ ಕಾರಿಗೆ ಇರಲಿ.

ಈಗ ಸ್ಟೂಲಿನ ಕಥೆ. ಮಾರುವವನು 'ಫೋರ್ ಬೋಲ್ಟ್' ಅಂದ. ಕ್ರ್ಯಾಂಕ್ ಹಿಡಿಯುವ ಮೇನ್ ಕ್ಯಾಪ್‌ಗೆ ಎರಡರ ಬದಲು ನಾಲ್ಕು ಬೋಲ್ಟ್, ಅಂದರೆ ಗಟ್ಟಿ. ನಾನು ಆ ಒಂದು ಮಾತಿಗೆ ಬಿದ್ದೆ. ಆಯಿಲ್ ಪ್ಯಾನ್ ಬಿಚ್ಚಿ ನೋಡಿದೆ, ನಾಲ್ಕು ಬೋಲ್ಟ್ ಇತ್ತು. ಬೇರೇನೂ ನೋಡಲಿಲ್ಲ. ಮಷೀನ್ ಶಾಪ್‌ಗೆ ಹೊತ್ತುಕೊಂಡು ಹೋದರೆ ಬೋರ್ ಆಗಲೇ 60 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ) ಹೋಗಿತ್ತು. ಸಾಲದ್ದಕ್ಕೆ, ಸಿಲಿಂಡರ್ ಸಾಲುಗಳ ನಡುವೆ ವಾಲ್ವ್ ಎತ್ತುವ ಲಿಫ್ಟರ್‌ಗಳ ಕಣಿವೆಯಲ್ಲಿ ಉದ್ದಕ್ಕೂ ಕೂದಲೆಳೆಯಷ್ಟು ಬಿರುಕು.

ಅಪ್ಪ ದಾವಣಗೆರೆಯ ಪಿ.ಬಿ. ರೋಡಿನಲ್ಲಿ ಲೇತ್ ಅಂಗಡಿ ಇಟ್ಟಿದ್ದರು. ಅಲ್ಲಿಗೆ ಬರುತ್ತಿದ್ದ ಲಾರಿ ಎಂಜಿನ್‌ಗಳಿಗೆ ಲೈನರ್, ಅಂದರೆ ಸಿಲಿಂಡರ್ ಒಳಗೆ ಬೇರೆ ಕೊಳವೆ, ಇರುತ್ತಿತ್ತು. ಬೋರ್ ಹೋದರೆ ಹಳೇದು ಕಿತ್ತು ಹೊಸ ಲೈನರ್ ಕೂರಿಸಿದರೆ ಮುಗಿಯಿತು. ನಾನು ಅದೇ ಲೆಕ್ಕದಲ್ಲಿದ್ದೆ. ಈ ಬ್ಲಾಕಿಗೆ ಲೈನರ್ ಇಲ್ಲ, ಬೋರ್ ಕೊರೆದಿರುವುದು ಬ್ಲಾಕಿನ ಕಬ್ಬಿಣದಲ್ಲೇ. ಪ್ರತಿ ಬೋರಿಂಗ್‌ಗೂ ಗೋಡೆ ತೆಳ್ಳಗಾಗುತ್ತದೆ. 30 ಥೌ ಹೊಡೆದರೆ 4.030 ಇಂಚು, ಆಗ 350 ಹೋಗಿ 355 ಘನ ಇಂಚು ಆಗುತ್ತದೆ. ಇದು ಆರಾಮ. 60 ಹೊಡೆದರೆ 360. ಆ ಐದು ಘನ ಇಂಚಿನ ಆಸೆಗೆ ಗೋಡೆ ಸವೆಸಿ, ಟ್ರಾಫಿಕ್‌ನಲ್ಲಿ ನಿಂತಾಗ ಟೆಂಪರೇಚರ್ ಮುಳ್ಳು ನೋಡುತ್ತಾ ಬೆವರುವುದು ಯಾಕೆ?

ಹಾಗಾದರೆ ನೋಡುವುದು ಹೇಗೆ? ಟಾರ್ಚ್, ವೈರ್ ಬ್ರಷ್, ಒಂದು ಚೂರು ಸೀಮೆಸುಣ್ಣ, ಪ್ಯಾನ್ ಬಿಚ್ಚಲು ಸಾಕೆಟ್. ಇಷ್ಟು ಸಾಕು.

ಮೊದಲು ಬ್ಲಾಕಿನ ಹಿಂದೆ ಹೋಗಿ. ಗೇರ್‌ಬಾಕ್ಸ್ ಕೂರುವ ಅಂಚಿನ ಮೇಲೆ, ಡ್ರೈವರ್ ಬದಿಗೆ (ಇಲ್ಲಿ ಅದು ಎಡಗಡೆ, ಮರೀಬೇಡಿ) ಎರಕದ ನಂಬರ್ ಇರುತ್ತದೆ. ಬ್ರಷ್ ಉಜ್ಜಿ, ಸೀಮೆಸುಣ್ಣ ತಿಕ್ಕಿದರೆ ಅಂಕಿ ಎದ್ದು ಕಾಣುತ್ತದೆ. 3970010 ಅಂತಿದ್ದರೆ 70ರ ದಶಕದಲ್ಲಿ ಎಲ್ಲೆಲ್ಲೂ ಇದ್ದ 350. ಆ ನಂಬರಿನಲ್ಲಿ ಟೂ ಬೋಲ್ಟೂ ಉಂಟು, ಫೋರ್ ಬೋಲ್ಟೂ ಉಂಟು. ಆದ್ದರಿಂದ ನಂಬರ್ ತೋರಿಸಿ 'ಫೋರ್ ಬೋಲ್ಟ್' ಅಂದರೆ ನಂಬಬೇಡಿ, ಪ್ಯಾನ್ ಬಿಚ್ಚಲೇಬೇಕು. ಬಿಚ್ಚಿದರೂ ನಾಲ್ಕು ಬೋಲ್ಟ್ ಇರುವುದು ನಡುವಿನ ಮೂರು ಕ್ಯಾಪ್‌ಗೆ ಮಾತ್ರ. 14093638 ಅಂತಿದ್ದರೆ 1987ರಿಂದ ಈಚಿನದು.

ಬ್ಲಾಕ್ ಯಾವ ವರ್ಷದ್ದು ಅನ್ನುವುದು ಬೋಲ್ಟಿಗಿಂತ ಮುಖ್ಯ. 1986ರಿಂದ ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಎರಡು ತುಂಡಿನ ಬದಲು ಒಂದೇ ತುಂಡು. ಸೋರುವುದು ಕಡಿಮೆ. ಆದರೆ ಕ್ರ್ಯಾಂಕ್ ಬೇರೆ, ಫ್ಲೈವೀಲ್ ಬೋಲ್ಟಿನ ಅಳತೆ ಬೇರೆ, ಫ್ಲೈವೀಲ್‌ಗೆ ಬ್ಯಾಲೆನ್ಸ್ ತೂಕವೂ ಬೇಕು. ಹಳೇ ಫ್ಲೈವೀಲ್ ಇದಕ್ಕೆ ಕೂರುವುದಿಲ್ಲ. 1987ರಿಂದ ಕಾರುಗಳಿಗೆ ರೋಲರ್ ಕ್ಯಾಮ್ ಬಂತು, ಅಂದರೆ ವಾಲ್ವ್ ತೆರೆಸುವ ಕ್ಯಾಮ್ ಮೇಲೆ ಲಿಫ್ಟರ್ ಉಜ್ಜುವ ಬದಲು ಉರುಳುತ್ತದೆ. ಈಗಿನ ಎಂಜಿನ್ ಆಯಿಲ್‌ನಲ್ಲಿ ಸವೆತ ತಡೆಯುವ ಜಿಂಕ್ ಕಡಿಮೆ. ಹಳೇ ಮಾದರಿಯ ಚಪ್ಪಟೆ ಲಿಫ್ಟರ್ ಇದ್ದರೆ ಮೊದಲ ಅರ್ಧ ಗಂಟೆಯಲ್ಲೇ ಕ್ಯಾಮ್ ಸವೆದುಹೋಗಬಹುದು. ರೋಲರ್‌ಗೆ ಆ ಭಯ ಇಲ್ಲ. ಟ್ರಕ್ಕಿನಿಂದ ತೆಗೆದ ಬ್ಲಾಕಾದರೆ ಲಿಫ್ಟರ್ ಕಣಿವೆಯೊಳಗೆ ಟಾರ್ಚ್ ಬಿಡಿ. ರೋಲರ್ ಲಿಫ್ಟರ್ ಹಿಡಿಯುವ ತಗಡು ಕೂರಿಸಲು ಗುಬುಟುಗಳಿರುತ್ತವೆ, ಎಷ್ಟೋ ಸಲ ಅವಕ್ಕೆ ತೂತು ಕೊರೆದಿರುವುದಿಲ್ಲ. ಕೊರೆಸಬಹುದು, ಆದರೆ ಅದರ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಿ.

ಟಾರ್ಚ್ ಅಲ್ಲೇ ಇದೆಯಲ್ಲ, ಬಿರುಕನ್ನೂ ಹುಡುಕಿಬಿಡಿ. ಇಲ್ಲಿನ ಚಳಿಗಾಲದಲ್ಲಿ ಕೂಲಂಟ್ ಹಾಕದೆ ಬರೀ ನೀರು ಬಿಟ್ಟ ಎಂಜಿನ್ ಒಳಗೇ ಹೆಪ್ಪುಗಟ್ಟಿ ಸೀಳುತ್ತದೆ. ಕಣಿವೆಯಲ್ಲಿ ಮತ್ತು ಹೊರಗಡೆ ದುಂಡನೆಯ ತಗಡು ಮುಚ್ಚಳಗಳ, ಅಂದರೆ ಫ್ರೀಜ್ ಪ್ಲಗ್‌ಗಳ ಸಾಲಿನ ಮೇಲ್ಗಡೆ ಉದ್ದಕ್ಕೆ ತುಕ್ಕಿನ ಗೆರೆ ಕಂಡರೆ ನಮಸ್ಕಾರ ಹೇಳಿ ಹೊರಡಿ.

ಆಮೇಲೆ ಬೋರ್. ಪಿಸ್ಟನ್ ಇನ್ನೂ ಒಳಗಿದ್ದರೆ ತಲೆಯ ಮಸಿ ಒರೆಸಿ ನೋಡಿ. 30, 40, 60 ಅಂತ ಸಾಮಾನ್ಯವಾಗಿ ಅಚ್ಚೊತ್ತಿರುತ್ತದೆ. ಏನೂ ಇಲ್ಲದಿದ್ದರೆ ಸ್ಟ್ಯಾಂಡರ್ಡ್ ಇರಬಹುದು, ಅಳೆದೇ ಖಾತ್ರಿ ಮಾಡಿಕೊಳ್ಳಿ. ಮೇಲ್ತುದಿಯ ಹತ್ತಿರ ಉಗುರು ಎಳೆಯಿರಿ. ಸಣ್ಣ ಏಣು ಸಿಕ್ಕರೆ ಪರವಾಗಿಲ್ಲ, 30 ಥೌ ಬೋರಿಂಗ್ ಮಾಡಿಸಿದರೆ ಹೋಗುತ್ತದೆ. ಮೇಲ್ಮೈ ತುಕ್ಕಿಗೂ ಹೆದರಬೇಡಿ. ಗುಳಿ ಬಿದ್ದಿದ್ದರೆ ಬಿಡಿ.

ಇನ್ನು ಟೂ ಬೋಲ್ಟ್ ಸಾಕಾ? ರಸ್ತೆಯಲ್ಲಿ ಓಡಿಸುವ, 400 ಹಾರ್ಸ್‌ಪವರ್ ಆಸುಪಾಸಿನ, ಟರ್ಬೊ ಇಲ್ಲದ ಕಾರಿಗೆ ಸಾಕು. ಬೋಲ್ಟ್ ಬದಲು ಒಳ್ಳೆಯ ಸ್ಟಡ್ ಹಾಕಿ, ಮೇನ್ ಲೈನ್ ಹೋನ್ (ಕ್ರ್ಯಾಂಕ್ ಕೂರುವ ತೂತುಗಳನ್ನು ಒಂದೇ ಸಾಲಿಗೆ ತಿಕ್ಕುವುದು) ಮಾಡಿಸಿ. ನನ್ನ ನೋವಾದಲ್ಲಿ ಈಗ ಓಡುತ್ತಿರುವುದು ಅಂಥದ್ದೇ, 150 ಡಾಲರಿಗೆ ತಂದ 14093638 ನಂಬರಿನ ಟೂ ಬೋಲ್ಟ್.

ಎಲ್‌ಎಸ್ (ಶೆವ್ರೊಲೆ ಕಂಪನಿಯವರದೇ ಹೊಸ ತಲೆಮಾರಿನ ಎಂಜಿನ್) ಯಾಕೆ ಬೇಡ ಅಂತ ಹುಡುಗರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. 1999ರಿಂದ ಪಿಕಪ್‌ಗಳಲ್ಲಿ ಬಂದ ಕಬ್ಬಿಣದ 5.3 ಲೀಟರ್ ಬ್ಲಾಕಿಗೆ ಪ್ರತಿ ಮೇನ್ ಕ್ಯಾಪ್‌ಗೂ ಆರು ಬೋಲ್ಟ್, ನನ್ನದಕ್ಕಿಂತ ಗಟ್ಟಿ. ಆದರೆ ವೈರಿಂಗ್, ಕಂಪ್ಯೂಟರ್, ಇಂಧನ ಪಂಪ್, ಆಯಿಲ್ ಪ್ಯಾನ್, ಮೌಂಟ್ ಎಲ್ಲ ಬದಲಾಗಬೇಕು. ಬ್ಲಾಕ್ ಅಗ್ಗ, ಕೂರಿಸುವುದು ದುಬಾರಿ. ಲ್ಯಾಪ್‌ಟಾಪ್ ಹಿಡಿದು ಟ್ಯೂನ್ ಮಾಡುವ ಗೆಳೆಯ ಇದ್ದರೆ ಖಂಡಿತ ಅದನ್ನೇ ತಗೊಳ್ಳಿ.

ದುಡ್ಡು ಪೂರ್ತಿ ಕೊಡುವ ಮುಂಚೆ ಮಾರುವವರ ಹತ್ತಿರ ಒಂದು ಮಾತು ಮಾಡಿಕೊಳ್ಳಿ: ಬಿರುಕು ಬಂದರೆ ವಾಪಸ್. ಒಪ್ಪುವವರು ಇದ್ದಾರೆ. ಮಷೀನ್ ಶಾಪ್‌ನಲ್ಲಿ ಮೊದಲು ತೊಳೆದು ಮ್ಯಾಗ್ನಾಫ್ಲಕ್ಸ್ (ಬಿರುಕು ಹುಡುಕುವ ಕಾಂತ ಪರೀಕ್ಷೆ) ಮಾಡಿಸಿ, ಗೋಡೆಯ ದಪ್ಪವನ್ನು ಶಬ್ದತರಂಗದಿಂದ ಅಳೆಯುವ ಸೋನಿಕ್‌ನಲ್ಲಿ ಅಳೆಸಿ, ಆಮೇಲಷ್ಟೇ ಬೋರಿಂಗ್. ಹೋನ್ ಮಾಡುವಾಗ, ಅಂದರೆ ಬೋರನ್ನು ಕಲ್ಲಿನಿಂದ ನುಣುಪಾಗಿ ತಿಕ್ಕುವಾಗ, ಹೆಡ್ ಜಾಗದಲ್ಲಿ ಟಾರ್ಕ್ ಪ್ಲೇಟ್ ಎಂಬ ದಪ್ಪ ತಟ್ಟೆ ಹಾಕುತ್ತೀರಾ ಅಂತ ಕೇಳಿ. ಹೆಡ್ ಬಿಗಿದಾಗ ಬೋರ್ ಸ್ವಲ್ಪ ಸೊಟ್ಟಗಾಗುತ್ತದೆ. ಪ್ಲೇಟ್ ಬಿಗಿದು ಹೋನ್ ಮಾಡಿದರೆ ಆ ಸೊಟ್ಟವೂ ಲೆಕ್ಕಕ್ಕೆ ಬರುತ್ತದೆ. ಅಪ್ಪನಿಗೆ ಫೋನಿನಲ್ಲಿ ಹೇಳಿದೆ, "ಅಷ್ಟೆಲ್ಲಾ ಮಾಡ್ತಾರೇನೋ" ಅಂದರು.

ಮನೆಗೆ ತಂದ ದಿನವೇ ಬಿಸಿನೀರು, ಪಾತ್ರೆ ಸೋಪು ಹಾಕಿ ಬೋರ್‌ಗಳನ್ನು ಬ್ರಷ್‌ನಲ್ಲಿ ಉಜ್ಜಿ. ಹೋನಿಂಗ್ ಪುಡಿ ಒಳಗೆ ಉಳಿದರೆ ರಿಂಗ್ ತಿಂದುಹಾಕುತ್ತದೆ. ಒರೆಸಿದ ತಕ್ಷಣ ಎಣ್ಣೆ ಹಚ್ಚಿ, ಇಲ್ಲವಾದರೆ ಕೆಲವೇ ನಿಮಿಷದಲ್ಲಿ ಕೆಂಪಗಾಗುತ್ತದೆ. ಎಣ್ಣೆಯಲ್ಲಿ ಅದ್ದಿದ ಬಿಳಿ ಬಟ್ಟೆಯಿಂದ ಒರೆಸಿ, ಬಟ್ಟೆ ಬೆಳ್ಳಗೇ ಬರುವ ತನಕ ಬಿಡಬೇಡಿ. ನಾನು ಬಳಸಿದ್ದು ಹಳೇ ಪಂಚೆ. ಅದು ಹಳೇದಲ್ಲ ಅಂತ ಮನೆಯವಳು ಆಮೇಲೆ ಹೇಳಿದಳು.