ಡಿಸ್ಚಾರ್ಜ್ ಆದಮೇಲೆ ಏನಾದರು?

ಡೀಅಡಿಕ್ಷನ್ ಸೆಂಟರಿನಲ್ಲಿ ನಾನು ಕೌನ್ಸೆಲರ್. ನಮ್ಮಲ್ಲಿಗೆ ಬರುವವರಲ್ಲಿ ಕುಡಿತದವರೇ ಜಾಸ್ತಿ. ಇಲ್ಲಿ ಬರೆಯುತ್ತಿರುವುದು ಬ್ರೌನ್ ಶುಗರ್ (ಕಲಬೆರಕೆ ಹೆರಾಯಿನ್), ಟಪೆಂಟಡಾಲ್‌ನಂಥ ನೋವಿನ ಮಾತ್ರೆಗಳ ಚಟಕ್ಕೆ ಬಿದ್ದವರ ಬಗ್ಗೆ. ಅಡ್ಮಿಟ್ ಆಗಿರುವಷ್ಟು ದಿನ ಎಲ್ಲರೂ ಚೆನ್ನಾಗಿಯೇ ಇರುತ್ತಾರೆ. ಒಂದು ವರ್ಷ, ಐದು ವರ್ಷ ಆದಮೇಲೆ ಹೇಗಿದ್ದಾರೆ ಅಂತ ಬೆನ್ನುಹತ್ತಿ ತಿಳಿದುಕೊಳ್ಳುವುದು ನನ್ನ ಪಾಲಿನ ಕೆಲಸ.

ಇದು ಡಿಸ್ಚಾರ್ಜ್‌ಗೆ ಮುಂಚೆಯೇ ಶುರುವಾಗುತ್ತದೆ. ರೋಗಿಯ ನಂಬರ್ ಒಂದೇ ಸಾಲದು. ಈ ಹುಡುಗರು ಸಿಮ್ ಬದಲಿಸುತ್ತಾರೆ, ಕೆಲವರು ಫೋನನ್ನೇ ಮಾರಿಬಿಡುತ್ತಾರೆ. ಅಮ್ಮನ ನಂಬರ್, ಅಕ್ಕನದ್ದೋ ಭಾವನದ್ದೋ ಇನ್ನೊಂದು ತೆಗೆದುಕೊಳ್ಳುತ್ತೇನೆ. ಯಾರಿಗೆ ಫೋನ್ ಮಾಡಬಹುದು, ಅವರಿಗೆ ಎಷ್ಟು ಹೇಳಬಹುದು ಅಂತ ಅವನ ಕೈಯಲ್ಲೇ ಬರೆಸಿಕೊಳ್ಳುತ್ತೇನೆ.

ಮೊದಲ ತಿಂಗಳು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ, ವರ್ಷ ದಾಟಿದವರಿಗೆ ಯುಗಾದಿ, ದಸರಾ ನೆಪದಲ್ಲಿ ಫೋನ್. "ಬಿಟ್ಟಿದ್ದೀಯಾ?" ಅಂತ ಮಾತ್ರ ಕೇಳುವುದಿಲ್ಲ. ಎಲ್ಲರದ್ದೂ ಒಂದೇ ಉತ್ತರ: "ಬಿಟ್ಟಿದೀನಿ ಮೇಡಂ." ನಿದ್ದೆ ಹೇಗಿದೆ, ಕೆಲಸ ಏನು, ಸಂಬಳ ಯಾರ ಕೈಗೆ ಹೋಗುತ್ತದೆ, ಸಂಜೆ ಯಾರ ಜೊತೆ ಇರುತ್ತೀಯ ಅಂತ ಕೇಳುತ್ತೇನೆ. ನಿಜ ಸಂಗತಿ ಅಲ್ಲಿ ಹೊರಬರುತ್ತದೆ.

ಮೊದಲ ತಿಂಗಳೇ ಜಾಸ್ತಿ ಭಯದ ಕಾಲ. ಸ್ವಲ್ಪ ದಿನ ಬಿಟ್ಟ ಮೈಗೆ ಹಳೆಯ ಡೋಸ್ ತಡೆಯುವ ಶಕ್ತಿ ಇರುವುದಿಲ್ಲ. ಮೊದಲಿನಷ್ಟೇ ತಗೊಂಡರೆ ಉಸಿರೇ ನಿಲ್ಲಬಹುದು. ಇದನ್ನು ರೋಗಿಗೂ ಮನೆಯವರಿಗೂ ಬಿಡಿಸಿ ಹೇಳುತ್ತೇನೆ. ಹಾಗೆ ಹೇಳಿದರೆ ಮತ್ತೆ ತಗೊಳ್ಳೋಕೆ ದಾರಿ ತೋರಿಸಿದ ಹಾಗೆ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹೇಳದೆ ಬಿಟ್ಟರೆ ಜೀವವೇ ಹೋಗುತ್ತದೆ, ಅಲ್ವಾ?

ಮನೆಯವರ ಜೊತೆ ಜಾಸ್ತಿ ಜಗಳ ಆಗುವುದು ಈ ಚಟಕ್ಕೆ ಚಿಕಿತ್ಸೆಯಾಗಿ ಕೊಡುವ ಬುಪ್ರೆನಾರ್ಫಿನ್ ಮಾತ್ರೆಯ ವಿಷಯಕ್ಕೆ. "ಒಂದು ಚಟ ಬಿಡಿಸಿ ಇನ್ನೊಂದು ಹಚ್ಚಿದ್ರಾ?" ಅನ್ನುತ್ತಾರೆ. ಇದನ್ನು ನಾಲಿಗೆ ಕೆಳಗೆ ಇಟ್ಟುಕೊಳ್ಳಬೇಕು. ಬ್ರೌನ್ ಶುಗರ್ ಮೆದುಳಿನಲ್ಲಿ ಹೋಗಿ ಕೂರುವ ಜಾಗದಲ್ಲೇ ಇದೂ ಕೂರುತ್ತದೆ, ಆದರೆ ಅರೆಬರೆ ಕೆಲಸ ಮಾಡುತ್ತದೆ. ಹಾಗಾಗಿ ಮೈಕೈ ನೋವು, ಚಡಪಡಿಕೆ ತಗ್ಗುತ್ತದೆ, ಕೆಲಸಕ್ಕೆ ಹೋಗೋಕಾಗುತ್ತದೆ. ಕರಗಿಸಿ ಚುಚ್ಚಿಕೊಳ್ಳಬಾರದು ಅಂತ ಅದರ ಜೊತೆ ಅಮಲು ತಡೆಯುವ ನಲಾಕ್ಸೋನ್ ಅನ್ನುವ ಔಷಧಿ ಸೇರಿಸಿರುತ್ತಾರೆ. ಬಿಪಿ ಮಾತ್ರೆ ಹಾಗೆ ಇದು, ವರ್ಷಗಟ್ಟಲೆ ಬೇಕಾಗಬಹುದು ಅನ್ನುತ್ತೇನೆ. ಈ ಔಷಧಿಯಲ್ಲಿ ಇರುವಷ್ಟು ಕಾಲ ಸಾವು ತುಂಬಾ ಕಡಿಮೆ, ನಿಲ್ಲಿಸಿದ ಮೊದಲ ವಾರಗಳಲ್ಲಿ ಮತ್ತೆ ಏರುತ್ತದೆ ಅಂತ ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಮಾತ್ರೆ ಬೀದಿಯ ಮೆಡಿಕಲ್ ಶಾಪಿನಲ್ಲಿ ಸಿಗುವುದಿಲ್ಲ, ಕೇಂದ್ರಕ್ಕೇ ಬರಬೇಕು. ದಿನಗೂಲಿಯವನಿಗೆ ಬಂದ ದಿನದ ಕೂಲಿ ಹೋಯಿತು. ಎಷ್ಟೋ ಜನ ಮಾತ್ರೆ ನಿಲ್ಲಿಸುವುದು ಮನಸ್ಸಿಲ್ಲದೆ ಅಲ್ಲ, ಇದಕ್ಕೆ.

ಇನ್ನು ಲೆಕ್ಕ. ಫೋನಿಗೆ ಸಿಗದವರನ್ನು ಪಟ್ಟಿಯಿಂದ ತೆಗೆದು "ನಮ್ಮಲ್ಲಿ ಬಹುತೇಕ ಎಲ್ಲರೂ ಗುಣ" ಅಂತ ಬೋರ್ಡ್ ಹಾಕುವವರಿದ್ದಾರೆ. ಸುಮ್ನೆ ಮಾತು. ಕ್ಯಾಲಿಫೋರ್ನಿಯಾದಲ್ಲಿ 1962ರಿಂದ 64ರವರೆಗೆ ಕೋರ್ಟ್ ಮೂಲಕ ಚಿಕಿತ್ಸೆಗೆ ಬಂದ 581 ಹೆರಾಯಿನ್ ವ್ಯಸನಿಗಳನ್ನು ಸಂಶೋಧಕರು 33 ವರ್ಷ ಹಿಂಬಾಲಿಸಿದರು. ಕೊನೆಗೆ ಹುಡುಕಿದಾಗ 284 ಜನ ತೀರಿಹೋಗಿದ್ದರು. ಬದುಕಿದ್ದು ಸಿಕ್ಕವರನ್ನಷ್ಟೇ ಎಣಿಸಿದ್ದರೆ ಈ ಅರ್ಧ ಕಣ್ಣಿಗೇ ಬೀಳುತ್ತಿರಲಿಲ್ಲ. ಐದು ವರ್ಷ ಸತತವಾಗಿ ಬಿಟ್ಟಿದ್ದವರು ಮತ್ತೆ ಜಾರುವ ಸಾಧ್ಯತೆ ಕಡಿಮೆಯಾಗಿತ್ತು. ಕಡಿಮೆ, ಸೊನ್ನೆಯಲ್ಲ.

ಹಾಗಾಗಿ ನನ್ನ ರಿಜಿಸ್ಟರಿನಲ್ಲಿ "ಬಿಟ್ಟ, ಬಿಡಲಿಲ್ಲ" ಅನ್ನುವ ಎರಡೇ ಕಾಲಂ ಇಲ್ಲ. ಬದುಕಿದ್ದಾನಾ, ಔಷಧಿಯಲ್ಲಿದ್ದಾನಾ, ದುಡಿಯುತ್ತಿದ್ದಾನಾ, ಮನೆಯಲ್ಲಿದ್ದಾನಾ, ಸೂಜಿ ಬಿಟ್ಟಿದ್ದಾನಾ ಅಂತ ಬೇರೆ ಬೇರೆ. ಸಿಗದವರಿಗೂ ಒಂದು ಕಾಲಂ. ಆಟೋ ಓಡಿಸುವ ಒಬ್ಬರು ಆಗಾಗ ಜಾರಿದ್ದಾರೆ, ಪ್ರತಿ ಸಲ ತಾವೇ ವಾಪಸ್ ಬಂದಿದ್ದಾರೆ. ಮಗಳ ಶಾಲೆ ಫೀಸು ಬಾಕಿ ಇಲ್ಲ. ಹಳೆಯ ಲೆಕ್ಕದಲ್ಲಿ ಅವರು ಫೇಲ್.

ಬೇರೆ ಸೆಂಟರಿನವರು ಶುರುಮಾಡುವುದಾದರೆ ಸಾಫ್ಟ್‌ವೇರ್ ಬೇಡ, ದಪ್ಪ ನೋಟ್‌ಬುಕ್ ಸಾಕು. ಫೋನ್ ಮಾತ್ರ ಸೆಂಟರಿನದ್ದೇ ಇರಲಿ. ಕೌನ್ಸೆಲರ್ ಕೆಲಸ ಬಿಟ್ಟು ಹೋದರೂ ನಂಬರ್ ಬದಲಾಗಬಾರದು. ಎರಡು ವರ್ಷ ಬಿಟ್ಟು ಫೋನ್ ಮಾಡುವವರು ಇದ್ದೇ ಇರುತ್ತಾರೆ.