ಪೈಥಾನ್ ಹೊಸ ಆವೃತ್ತಿ ಬಂತು ಅಂತ ಓಡಬೇಡಿ

ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿರುವವರಿಗೆ ಒಂದು ಸಲಹೆ. ಈಗ ಪ್ರತಿ ವರ್ಷ ಅಕ್ಟೋಬರ್‌ನಲ್ಲಿ ಹೊಸ ಆವೃತ್ತಿ ಬರುತ್ತದೆ. ಬಂದ ದಿನವೇ ಕೆಲಸದ ಪ್ರಾಜೆಕ್ಟಿಗೆ ಹಾಕಿಕೊಳ್ಳಬೇಡಿ. ನೀವು ಬಳಸುವ ಲೈಬ್ರರಿಗಳು (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಅದಕ್ಕೆ ಹೊಂದಿಕೊಳ್ಳಲು ಸ್ವಲ್ಪ ಸಮಯ ಬೇಕು. ಒಂದೆರಡು ಸಣ್ಣ ಬಿಡುಗಡೆ ಬರಲಿ, ಆಮೇಲೆ ನೋಡಿ.

ಹಾಗಂತ ಹಳೆಯದಕ್ಕೇ ಅಂಟಿಕೊಂಡು ಕೂರುವುದೂ ಸರಿಯಲ್ಲ. ಒಂದು ಆವೃತ್ತಿಗೆ ಬೆಂಬಲ ಸುಮಾರು 5 ವರ್ಷ ಮಾತ್ರ. 2020ರಲ್ಲಿ ಬಂದ 3.9ರ ಅವಧಿ 2025ರ ಅಕ್ಟೋಬರ್‌ನಲ್ಲಿ ಮುಗಿಯಿತು. ಇನ್ನು ಅದಕ್ಕೆ ಭದ್ರತಾ ತಿದ್ದುಪಡಿಯೂ ಬರುವುದಿಲ್ಲ.

ಮುಖ್ಯವಾದದ್ದು ಡೆಪ್ರಿಕೇಶನ್ ವಾರ್ನಿಂಗ್, ಅಂದರೆ 'ಇದನ್ನು ಮುಂದೆ ತೆಗೆದುಹಾಕಬಹುದು, ಬಳಸಬೇಡಿ' ಎಂಬ ಎಚ್ಚರಿಕೆ. ಕೋಡ್ ಪರೀಕ್ಷಿಸುವ ಪೈಟೆಸ್ಟ್ ಟೂಲ್ ಓಡಿಸಿದಾಗ ಕೊನೆಯಲ್ಲಿ ಬರುವ ಆ ಹಳದಿ ಸಾಲುಗಳನ್ನು ನಾನು ಸುಮ್ನೆ ದಾಟಿಸುತ್ತಿದ್ದೆ. 3.12ರಲ್ಲಿ ಡಿಸ್ಟ್‌ಯುಟಿಲ್ಸ್ (ಪ್ಯಾಕೇಜ್ ಕಟ್ಟಲು ಪೈಥಾನ್ ಜೊತೆಗೇ ಬರುತ್ತಿದ್ದ ಮಾಡ್ಯೂಲ್) ತೆಗೆದೇಬಿಟ್ಟರು, ನನ್ನ ಹಳೇ ಸ್ಕ್ರಿಪ್ಟ್ ಮಕಾಡೆ ಮಲಗಿತು. ತಪ್ಪು ನನ್ನದೇ. ಎರಡು ಆವೃತ್ತಿ ಮೊದಲೇ ಎಚ್ಚರಿಸಿದ್ದರು!

ಇದನ್ನೆಲ್ಲ ಯಾರು ತೀರ್ಮಾನಿಸುತ್ತಾರೆ ಅಂತೀರಾ? 2018ರಲ್ಲಿ ಪೈಥಾನ್ ಸೃಷ್ಟಿಸಿದ ಗೈಡೋ ವಾನ್ ರಾಸಮ್ ನಾಯಕತ್ವ ಬಿಟ್ಟ ಮೇಲೆ, ಕೋರ್ ಡೆವಲಪರ್‌ಗಳು (ಪೈಥಾನ್ ಅನ್ನೇ ಅಭಿವೃದ್ಧಿಪಡಿಸುವವರು) ಆರಿಸುವ 5 ಜನರ ಸ್ಟೀರಿಂಗ್ ಕೌನ್ಸಿಲ್ ಇದೆ. ಬದಲಾವಣೆಯ ಪ್ರಸ್ತಾವಗಳನ್ನು ಪೆಪ್ ಅಂತಾರೆ, ಯಾರು ಬೇಕಾದರೂ ಓದಬಹುದು. ಪೂರ್ತಿ ಓದೋದು ಬೋರು, ನಿಜ. ಆದರೆ ಪ್ರತಿ ಆವೃತ್ತಿಯ 'ವಾಟ್ಸ್ ನ್ಯೂ' (ಹೊಸತೇನು) ಪುಟದಲ್ಲಿ ತೆಗೆದುಹಾಕಿದ್ದರ ಪಟ್ಟಿ ಇರುತ್ತದೆ. ಅಪ್‌ಗ್ರೇಡ್‌ಗೆ ಮುಂಚೆ ಅದಕ್ಕೆ ಹತ್ತು ನಿಮಿಷ ಕೊಡಿ.